ಒಂದೇ ಸಾಲಿನಲ್ಲಿ ಕೂತ ದಿನ



ಸಂಘದ ವಾರ್ಷಿಕೋತ್ಸವದ ಸಂಚಿಕೆಗೆ ನಮ್ಮ ಅವಿನಾಶಿ ಭಾಗದ ಮಿಷನ್ ಶಾಲೆಗಳ ಚರಿತ್ರೆ ಬರೆದುಕೊಡಿ ಅಂತ ನಮ್ಮ ಹುಡುಗರು ಕೇಳಿದರು. ಬರೆಯೋಕೆ ಕೂರುವ ಮುಂಚೆ ಕೇರಿಯ ಒಬ್ಬ ಅಜ್ಜಿಯನ್ನು ಕೇಳಿದೆ, "ಅಜ್ಜಿ, ಇಸ್ಕೂಲಲ್ಲಿ ಏನ್ ಕಲ್ತೆ?" ಅಂತ. ಅಜ್ಜಿ ನಕ್ಕು, "ಅಕ್ಷರ ಎಲ್ಲಾ ಮರ್ತೋಯ್ತು ಕಣಪ್ಪ. ಎಲ್ಲಾ ಮಕ್ಕಳ ಪಕ್ಕ ಕೂತು ಉಂಡಿದ್ದು ಮಾತ್ರ ಮರ್ತಿಲ್ಲ" ಅಂದಳು.

ಈ ಮಾತು ಕೇಳಿದ ಮೇಲೆ ನಾನು ಬರೆಯಬೇಕು ಅಂದುಕೊಂಡಿದ್ದ ಲೇಖನವೇ ಬದಲಾಯಿತು. ಯಾವ ಕಟ್ಟಡ ಯಾವ ಇಸವಿಯಲ್ಲಿ ಎದ್ದಿತು ಅನ್ನೋದಕ್ಕಿಂತ, ಯಾರ ಪಕ್ಕ ಯಾರು ಕೂತರು ಅನ್ನೋದೇ ನಮ್ಮ ಚರಿತ್ರೆ.

ನಾನು ಓದಿದ್ದೂ ಒಂದು ಕ್ರೈಸ್ತ ಪ್ರಾಥಮಿಕ ಶಾಲೆಯಲ್ಲೇ. ನಮ್ಮ ಜನರಲ್ಲಿ ಕೆಲವರ ಮನೆಯಲ್ಲಿ ಕನ್ನಡ, ಕೆಲವರ ಮನೆಯಲ್ಲಿ ತೆಲುಗು. ಶಾಲೆಯಲ್ಲಿ ಮಾತ್ರ ತಮಿಳು. ಮನೆ ಮಾತು ಬಾಯಿಗೆ ಬಂದರೆ ಬೇರೆ ಮಕ್ಕಳು ನಗ್ತಾರೆ ಅಂತ ಬಾಯಿ ಬಿಗಿಹಿಡಿದು ಕೂರ್ತಿದ್ವಿ. ಬೆಳಿಗ್ಗೆ ಗಂಟೆ, ಪ್ರಾರ್ಥನೆ, ಹಾಜರಿ. ಮಧ್ಯಾಹ್ನ ತಟ್ಟೆ ಹಿಡ್ಕೊಂಡು ಸಾಲು. 1982ರಲ್ಲಿ ಎಂ.ಜಿ.ಆರ್. ಸತ್ತುಣವು ಯೋಜನೆ ಬಂದ ಕಾಲ ಅದು. ಅದಕ್ಕೂ ಮುಂಚೆ, 1956ರಲ್ಲಿ, ಕಾಮರಾಜರು ಶಾಲೆ ಊಟ ಶುರು ಮಾಡಿದ್ದರು. ಹೊಲದ ಕೆಲಸಕ್ಕೆ ಹೋಗೋ ತಾಯಂದಿರು ಮಗುವನ್ನು ಶಾಲೆಗೆ ಬಿಡೋಕೆ ಆ ಊಟವೇ ದೊಡ್ಡ ಕಾರಣ.

ಮೇ ರಜೆಯಲ್ಲಿ ವಿ.ಬಿ.ಎಸ್. ಶಿಬಿರ. ಬೈಬಲ್ ಕಥೆ, ಕೈ ಕಾಲು ಆಡಿಸೋ ಹಾಡು, ಬಣ್ಣದ ಪೆನ್ಸಿಲ್, ಕೊನೇ ದಿನ ನಾಟಕ. ನಮ್ಮಲ್ಲಿ ಎಷ್ಟೋ ಮನೆಯವರು ಕ್ರೈಸ್ತರಲ್ಲ, ಆದರೂ ಮಕ್ಕಳನ್ನು ಕಳಿಸ್ತಿದ್ದರು. ಒಂದು ವರ್ಷ ರಾತ್ರಿ ತಂಗುವ ಶಿಬಿರವೂ ಇತ್ತು. ಉದ್ದ ಹಾಲಿನಲ್ಲಿ ಚಾಪೆ ಹಾಸಿದ್ದರು. ನನ್ನ ಪಕ್ಕ ಮಲಗಿದ್ದ ಹುಡುಗನ ಮನೆ ಅಂಗಳಕ್ಕೆ ನಮ್ಮಪ್ಪ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಆ ರಾತ್ರಿ ಅವನ ಕಾಲು ನನ್ನ ಮೇಲೆ, ನನ್ನ ಕೈ ಅವನ ಮೇಲೆ. ಬೆಳಿಗ್ಗೆ ಯಾರಿಗೂ ಏನೂ ಆಗಿರಲಿಲ್ಲ.

ಕ್ಲಾಸಿನಿಂದ ಪ್ರವಾಸ ಹೋಗಿದ್ದು ಭವಾನಿಸಾಗರಕ್ಕೆ. ಸೇವೂರು, ಪುಳಿಯಂಪಟ್ಟಿ ದಾಟಿ ಬಸ್ಸು ಹೋಯ್ತು. ಭವಾನಿ, ಮೋಯಾರ್ ಎರಡೂ ಹೊಳೆ ಸೇರೋ ಕಡೆ ಕಟ್ಟಿರುವ ಈ ಅಣೆಕಟ್ಟಿನ ಕೆಲಸ ಮುಗಿದದ್ದು 1955ರಲ್ಲಿ. ನನಗೆ ನೀರಿಗಿಂತ ಆಶ್ಚರ್ಯವಾಗಿದ್ದು ಬೇರೆ. ಅಲ್ಲಿ ಕಡಲೆಕಾಯಿ ಮಾರೋ ಹೆಂಗಸು ಪಕ್ಕದವಳ ಹತ್ತಿರ ಗಟ್ಟಿಯಾಗಿ ನಮ್ಮ ಮನೆ ಮಾತಿನಲ್ಲೇ ಮಾತಾಡ್ತಿದ್ದಳು. ಸತ್ಯಮಂಗಲ, ತಾಳವಾಡಿ ಕಡೆ ಕನ್ನಡ ಬೀದಿಯ ಮಾತು ಅಂತ ನನಗೆ ಗೊತ್ತಿರಲಿಲ್ಲ. ಕೊಳ್ಳೇಗಾಲ ತಾಲೂಕು 1956ರ ತನಕ ನಮ್ಮ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು ಅನ್ನೋದು ತಿಳಿದದ್ದು ಇನ್ನೂ ಎಷ್ಟೋ ವರ್ಷ ಆದಮೇಲೆ. ಆವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಮೊದಲ ಸಲ ಕನ್ನಡದಲ್ಲಿ ಜೋರಾಗಿ ಮಾತಾಡಿದೆ.

ಈಗ ಹಿಂದಕ್ಕೆ ಹೋಗೋಣ. ಆ ಬೆಂಚು, ಆ ಚಾಪೆ ನಮಗೆ ಸುಮ್ಮನೆ ಸಿಕ್ಕಿದ್ದಲ್ಲ.

1856ರ ಜೂನ್‌ನಲ್ಲಿ ಕನ್ನಡ ನಾಡಿನ ಧಾರವಾಡದಲ್ಲಿ ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಲು ಹೋದ. ಸೇರಿಸಿಕೊಳ್ಳಲಿಲ್ಲ. ಅವನು ಸುಮ್ಮನಾಗದೆ ಬೊಂಬಾಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ನ್ಯಾಯ ಹುಡುಗನ ಕಡೆಗಿದೆ ಅಂತ ಸರ್ಕಾರವೇ ಒಪ್ಪಿಕೊಂಡಿತು. ಆದರೂ ಒಬ್ಬನಿಗೋಸ್ಕರ ಉಳಿದ ಜಾತಿಯವರ ವಿರೋಧ ಕಟ್ಟಿಕೊಳ್ಳೋಕಾಗಲ್ಲ ಅಂತ ಕೈ ಚೆಲ್ಲಿತು. ಮುಂದೆ ಮೇಲಿನವರು ಇದನ್ನು ಒಪ್ಪಲಿಲ್ಲ. ಸರ್ಕಾರದ ಹಣದಲ್ಲಿ ನಡೆಯೋ ಶಾಲೆ ಎಲ್ಲರಿಗೂ ತೆರೆದಿರಬೇಕು ಅಂತ 1858ರಲ್ಲಿ ಆದೇಶ ಬಂತು. 1928ರಲ್ಲಿ ಬಾಬಾಸಾಹೇಬರು ಸೈಮನ್ ಕಮಿಷನ್ನಿಗೆ ದಲಿತರ ವಿದ್ಯಾಭ್ಯಾಸದ ಬಗ್ಗೆ ಕೊಟ್ಟ ಹೇಳಿಕೆಯಲ್ಲಿ ಈ ಧಾರವಾಡದ ಪ್ರಕರಣವನ್ನು ಎತ್ತಿ ತೋರಿಸಿದರು. ಆ ಹುಡುಗನ ಅರ್ಜಿ ನಮ್ಮೆಲ್ಲರ ಅರ್ಜಿ.

ಸರ್ಕಾರಿ ಬಾಗಿಲು ಹೀಗೆ ಮುಚ್ಚಿದ್ದ ಕಾಲದಲ್ಲಿ ನಮ್ಮವರಿಗೆ ಕಂಡ ಇನ್ನೊಂದು ಬಾಗಿಲು ಮಿಷನ್ ಶಾಲೆ. ಕೊಯಮತ್ತೂರಿಗೆ ಲಂಡನ್ ಮಿಷನ್‌ನ ಆಡಿಸ್ ಬಂದದ್ದು 1830ರಲ್ಲಿ. ಮುಂದೆ ಈರೋಡು ಕಡೆ ಅದೇ ಮಿಷನ್‌ನ ಬ್ರಫ್ ಕೆಲಸ ಮಾಡಿದರು. ಈರೋಡಿನ ಬ್ರಫ್ ರಸ್ತೆ ಅವರ ಹೆಸರಿನದೇ. ಈ ಮಿಷನ್‌ನ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ, ಅಂದರೆ ಸಿ.ಎಸ್.ಐ. ಒಳಗೆ ಸೇರಿದವು. ಕ್ಯಾಥೊಲಿಕರ ಚರಿತ್ರೆ ಇನ್ನೂ ಹಳೆಯದು. ಅವಿನಾಶಿಯ ಹತ್ತಿರದ ಕರುಮತ್ತಂಪಟ್ಟಿ 17ನೇ ಶತಮಾನದಿಂದಲೇ ಕ್ರೈಸ್ತರ ನೆಲೆ.

ಹಾಗಂತ ಮಿಷನ್‌ನವರು ಬಂದ ದಿನವೇ ಜಾತಿ ಓಡಿಹೋಯ್ತು ಅಂದ್ಕೋಬೇಡಿ. ಅವರೊಳಗೇ ಜಗಳ ಇತ್ತು. 1850ರಲ್ಲಿ ಮದ್ರಾಸಿನ ಪ್ರಾಟೆಸ್ಟೆಂಟ್ ಮಿಷನರಿಗಳು ಕೂಡಿ ಒಂದು ನಿರ್ಣಯ ಮಾಡಿದರು. ಜಾತಿ ಬಿಡದವನಿಗೆ ದೀಕ್ಷಾಸ್ನಾನ ಇಲ್ಲ, ಬಿಟ್ಟಿದ್ದಾನೋ ಇಲ್ಲವೋ ಅನ್ನೋದಕ್ಕೆ ಪರೀಕ್ಷೆ, ಎಲ್ಲರ ಜೊತೆ ಕೂತು ಉಣ್ಣೋದು. ಲೈಪ್ಜಿಗ್ ಲೂಥರನ್ ಮಿಷನ್ ಇದಕ್ಕೆ ಸೇರಲಿಲ್ಲ. ನೋಡಿ, ನಮ್ಮ ಅಜ್ಜಿ ಹೇಳಿದ್ದೂ ಅದೇ ಉಣ್ಣುವ ಸಾಲಿನ ಮಾತು.

ಕರುಮತ್ತಂಪಟ್ಟಿಯಲ್ಲೇ ಇದ್ದು ಕೊಯಮತ್ತೂರು ಕ್ಯಾಥೊಲಿಕ್ ಸಭೆಯನ್ನು ನಡೆಸಿದ ಬಿಷಪ್ ಮರಿಯೋನ್ ಬ್ರೆಸಿಯಾಕ್ ಅವರ ಕಥೆಯೂ ಇದೆ. ಇಲ್ಲಿನ ಹಳೇ ಆಚಾರ, ಜಾತಿ ಪದ್ಧತಿ ಇವನ್ನು ಸಭೆಯೊಳಗೆ ಎಷ್ಟರ ಮಟ್ಟಿಗೆ ಬಿಟ್ಟುಕೊಳ್ಳಬಹುದು ಅನ್ನೋ ಪ್ರಶ್ನೆಗೆ ಅವರ ಮನಸ್ಸಿಗೆ ಒಪ್ಪೋ ಉತ್ತರ ಸಿಗಲಿಲ್ಲ. 1855ರಲ್ಲಿ ಅವರು ಪದವಿ ಬಿಟ್ಟು ಹೋದರು. ಮುಂದೆ ಆಫ್ರಿಕಾ ಮಿಷನ್ ಕಟ್ಟಿ, 1859ರಲ್ಲಿ ಫ್ರೀಟೌನ್‌ನಲ್ಲಿ ತೀರಿಕೊಂಡರು. ಒಬ್ಬ ಬಿಷಪ್ಪರೇ ಬಿಡಿಸಲಾರದ ಗಂಟು ಇದು. ತಮಿಳುನಾಡಿನ ಕೆಲವು ಊರುಗಳಲ್ಲಿ ದಲಿತ ಕ್ರೈಸ್ತರಿಗೆ ಚರ್ಚಿನಲ್ಲಿ ಬೇರೆ ಜಾಗ, ಸತ್ತ ಮೇಲೂ ಬೇರೆ ಸ್ಮಶಾನ ಇದ್ದದ್ದು ಈ ಗಂಟಿನಿಂದಲೇ.

ಇದನ್ನೆಲ್ಲ ಬರೆಯೋದು ಉಪಕಾರ ಮರೆತು ಅಲ್ಲ. ಬೆಂಚು ಹಾಕಿದವರಿಗೆ ನಮಸ್ಕಾರ ಹೇಳಲೇಬೇಕು. ಆದರೆ ಬೈಗುಳ ತಿಂದು, ಕೂಲಿ ಕಳ್ಕೊಂಡು, ಮಗುವಿನ ಕೈ ಹಿಡಿದು ಆ ಬೆಂಚಿನ ತನಕ ನಡೆಸಿಕೊಂಡು ಹೋದವರು ನಮ್ಮ ಅಪ್ಪ ಅವ್ವಂದಿರು. ಅದೇ ಕಾಲದಲ್ಲಿ ಟೀ ಅಂಗಡಿಯಲ್ಲಿ ಅವರಿಗೆ ಬೇರೆ ಲೋಟ ಇತ್ತು ಅನ್ನೋದನ್ನು ನೆನಪಿಡಿ.

ಇನ್ನೊಂದು ಕಾಗದದ ಮಾತು. 1950ರ ಪರಿಶಿಷ್ಟ ಜಾತಿಗಳ ಆದೇಶ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತರು ಇನ್ನೂ ಹೊರಗೇ ಇದ್ದಾರೆ. ಇಲ್ಲಿ ಅವರನ್ನು ಹಿಂದುಳಿದ ವರ್ಗಕ್ಕೆ ಸೇರಿಸಿದ್ದಾರೆ. ಈ ವಿಷಯ ನೋಡೋಕೆ ಕೇಂದ್ರ ಸರ್ಕಾರ 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿತು. ಕ್ರೈಸ್ತ ಶಾಲೆಯಲ್ಲಿ ಓದಿದ ಮಾತ್ರಕ್ಕೆ ಯಾರೂ ಕ್ರೈಸ್ತರಾಗಲ್ಲ, ಯಾವ ಹಕ್ಕೂ ಹೋಗಲ್ಲ. ಆದರೆ ದಾಖಲಾತಿ ಪುಸ್ತಕದಲ್ಲಿ ಧರ್ಮ, ಜಾತಿ ಕಾಲಮ್ಮಿನಲ್ಲಿ ತಪ್ಪು ಬಿದ್ದರೆ ಮುಂದೆ ಪರದಾಟ. 2009ರಲ್ಲಿ ಅರುಂಧತಿಯರಿಗೆ ಶೇಕಡಾ 3 ಒಳ ಮೀಸಲಾತಿ ಬಂದಿದೆ. ಅದನ್ನು ಪಡೆಯೋಕೆ ಸರಿಯಾದ ಜಾತಿ ಪ್ರಮಾಣಪತ್ರ ಬೇಕು. ಮಗುವನ್ನು ಸೇರಿಸೋ ದಿನವೇ ಓದು ಬಲ್ಲ ಒಬ್ಬ ಯುವಕ ಜೊತೆಗೆ ಹೋಗಿ ಆ ಕಾಲಮ್ ನೋಡಿ ಬನ್ನಿ.

ಇದೆಲ್ಲ ಹಳೇ ಕಥೆ ಅಂತ ಅನ್ನೋರಿಗೆ ಒಂದು ಮಾತು. 2018ರ ಜುಲೈನಲ್ಲಿ ನಮ್ಮ ಅವಿನಾಶಿ ತಾಲೂಕಿನ ತಿರುಮಲೈಗೌಂಡನ್‌ಪಾಳಯದ ಸರ್ಕಾರಿ ಶಾಲೆಯಲ್ಲಿ ಅರುಂಧತಿಯರ ಹೆಂಗಸು ಅಡುಗೆ ಮಾಡಬಾರದು ಅಂತ ಮೇಲ್ಜಾತಿಯವರು ಗಲಾಟೆ ಮಾಡಿದರು. ಅಧಿಕಾರಿಗಳು ಆಕೆಯನ್ನೇ ವರ್ಗ ಮಾಡಿದರು. ನಮ್ಮ ಜನ, ಪ್ರಗತಿಪರ ಸಂಘಟನೆಗಳು ಬೀದಿಗಿಳಿದ ಮೇಲೆ ಆದೇಶ ವಾಪಸಾಯಿತು, ಕೇಸೂ ದಾಖಲಾಯಿತು. ಧಾರವಾಡದ ಹುಡುಗನಿಗೂ ಈ ತಾಯಿಗೂ ನಡುವೆ 162 ವರ್ಷ. ಜಗಳ ಮಾತ್ರ ಅದೇ, ಯಾರ ಪಕ್ಕ ಯಾರು, ಯಾರ ಕೈಯ ಅನ್ನ ಯಾರಿಗೆ.

ನಮ್ಮೂರಿನ ಸ್ಥಳಪುರಾಣ ಎಲ್ಲರಿಗೂ ಗೊತ್ತು. ಮೊಸಳೆ ನುಂಗಿದ ಮಗುವನ್ನು ಸುಂದರರು ಹಾಡಿ ವಾಪಸ್ ತರಿಸಿದರು ಅಂತಾರೆ. ನಮ್ಮ ಕೇರಿಯ ಮಕ್ಕಳನ್ನು ನುಂಗೋ ಮೊಸಳೆ ಈಗ ಮಿಲ್ಲು, ಬನಿಯನ್ ಕಂಪನಿ, ಸಾಲ. ಹಾಗೇ ಒಂದು ಚಿಕ್ಕ ಮೊಸಳೆಯೂ ಇದೆ, ಪ್ರವಾಸದ ದುಡ್ಡು. ಕ್ಲಾಸಿನವರೆಲ್ಲ ಬಸ್ಸು ಹತ್ತಿದ ದಿನ ದುಡ್ಡಿಲ್ಲದ ಮಗು "ಹೊಟ್ಟೆನೋವು" ಅಂತ ಮನೆಯಲ್ಲೇ ಉಳಿಯುತ್ತೆ. ಯಾರೂ ಅದನ್ನು ಬೇರೆ ಕೂರಿಸಿಲ್ಲ, ಆದರೂ ಅದು ಬೇರೆಯೇ ಕೂತಿದೆ. ಭವಾನಿಸಾಗರಕ್ಕೆ ಹೋಗದೇ ಇದ್ದಿದ್ದರೆ ನಾನು ಈ ಲೇಖನವನ್ನು ಕನ್ನಡದಲ್ಲಿ ಬರೀತಿರಲಿಲ್ಲ.

ಆದ್ದರಿಂದ ಸಂಘದ ತಮ್ಮಂದಿರಿಗೆ, ತಂಗಿಯರಿಗೆ ನನ್ನ ಬೇಡಿಕೆ ಒಂದೇ. ವಾರ್ಷಿಕೋತ್ಸವದ ಮೈಕ್ ಸೆಟ್ಟು, ಫ್ಲೆಕ್ಸ್ ಬೋರ್ಡು ಸ್ವಲ್ಪ ಕಡಿಮೆ ಮಾಡಿ. ಉಳಿದ ದುಡ್ಡಲ್ಲಿ ಈ ವರ್ಷ ಕೇರಿಯ ಯಾವ ಮಗುವೂ ಶಾಲೆಯ ಶಿಬಿರ, ಪ್ರವಾಸದಿಂದ ಹಿಂದೆ ಉಳಿಯದ ಹಾಗೆ ನೋಡ್ಕೊಳ್ಳಿ. ಶಾಲೆ ಕ್ರೈಸ್ತರದಾಗಲಿ, ಸರ್ಕಾರದ್ದಾಗಲಿ, ಸಾಲು ಒಂದೇ ಇರಬೇಕು. ಆ ಸಾಲಿನಲ್ಲಿ ನಮ್ಮ ಮಗು ನಡುವೆ ಕೂತಿರಬೇಕು.

ಜೈ ಭೀಮ್.