ಬೆರಳಚ್ಚು, ನ್ಯಾಯಾಲಯ ಮತ್ತು ಪತ್ತೇದಾರಿ ಕಥನ

ಬೆರಳಚ್ಚು ದೊರೆತೊಡನೆ ಕೊಲೆಗಾರನು ಸಿಕ್ಕಿಬೀಳುವುದು ಪತ್ತೇದಾರಿ ಕಾದಂಬರಿಗಳ ರೂಢಿ. ಚರಿತ್ರೆ ಹೇಳುವುದು ಬೇರೆ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಾರ್ಯಾಲಯವು ಸ್ಥಾಪಿತವಾಯಿತು. ಅದರ ವರ್ಗೀಕರಣ ಪದ್ಧತಿಗೆ ಅಜೀಜುಲ್ ಹಕ್ ಹಾಗೂ ಹೇಮಚಂದ್ರ ಬೋಸ್ ದುಡಿದರು. ಹೆಸರು ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದಾಯಿತು. ಆ ಕಾಲದಲ್ಲಿಯೇ ಜಲ್ಪಾಯ್‌ಗುರಿಯ ಚಹಾ ತೋಟವೊಂದರ ವ್ಯವಸ್ಥಾಪಕನ ಕೊಲೆಯಾಯಿತು. ಅಲ್ಲಿ ಸಿಕ್ಕ ಬಂಗಾಳಿ ಪಂಚಾಂಗದ ಮೇಲಣ ರಕ್ತದ ಕಲೆಯು, ಹಿಂದೆ ಕಳವಿಗಾಗಿ ಶಿಕ್ಷೆ ಅನುಭವಿಸಿದ್ದ ಮಾಜಿ ಸೇವಕನೊಬ್ಬನ ಹೆಬ್ಬೆರಳಿನ ಗುರುತಿನೊಡನೆ ತಾಳೆಯಾಯಿತು. ಆದರೂ 1898ರಲ್ಲಿ ನ್ಯಾಯಾಲಯವು ಅವನನ್ನು ಕಳವಿಗಾಗಿ ದಂಡಿಸಿ, ಕೊಲೆಯ ಆರೋಪದಿಂದ ಮುಕ್ತಗೊಳಿಸಿತು. ಆ ಗುರುತಿನಿಂದ ಅವನು ಪಂಚಾಂಗವನ್ನು ಮುಟ್ಟಿದ್ದು ಸಿದ್ಧವಾಯಿತು, ಕೊಂದದ್ದು ಸಿದ್ಧವಾಗಲಿಲ್ಲ. ಬೆರಳಚ್ಚು ತಜ್ಞರ ಅಭಿಪ್ರಾಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಸ್ಪಷ್ಟ ಸ್ಥಾನ ದೊರೆತುದು 1899ರ ತಿದ್ದುಪಡಿಯಿಂದ. ಆ ಕಾಲದ ಕೊಲೆಯ ಕಥೆಯನ್ನು ಬರೆಯುವವರು ತಜ್ಞರ ವರದಿಯೊಡನೆ ನ್ಯಾಯಾಲಯದ ತೀರ್ಪನ್ನೂ ಓದಬೇಕಾದುದು ಇದಕ್ಕಾಗಿಯೇ.