222–0: ಸೋತವರು ಹೇಳಿ ಹೇಳಿ ಉಳಿಸಿದ ಮ್ಯಾಚು

ಭಾಗ 1

ಮೊದಲ ಫೋಟೊದಲ್ಲಿರೋ ಸ್ಕೋರ್‌ಬೋರ್ಡ್ ಝೂಮ್ ಮಾಡಿ ನೋಡಿ. ಜಾರ್ಜಿಯಾ ಟೆಕ್ 222, ಕಂಬರ್‌ಲ್ಯಾಂಡ್ 0. ಎಡಿಟ್ ಅಲ್ಲ ಕಣ್ರೋ, ನಿಜವಾದ ಫೋಟೊನೇ. 1916ರ ಅಕ್ಟೋಬರ್ 7, ಅಮೆರಿಕದ ಅಟ್ಲಾಂಟಾ, ಗ್ರಾಂಟ್ ಫೀಲ್ಡ್. ಕಾಲೇಜು ಫುಟ್‌ಬಾಲಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸೋಲು ಇಲ್ಲ.

ಇಲ್ಲಿ ಫುಟ್‌ಬಾಲ್ ಅಂದ್ರೆ ನಾವು ಕಾಲಲ್ಲಿ ಒದೆಯೋದಲ್ಲ, ಅಮೆರಿಕನ್ ಫುಟ್‌ಬಾಲ್. ಚೆಂಡು ಹಿಡಿದು ನುಗ್ಗಬೇಕು, ಎದುರಿನವರು ಕೆಡವಬೇಕು. ನಾಲ್ಕು ಅವಕಾಶದೊಳಗೆ ಹತ್ತು ಗಜ ಮುಂದೆ ಹೋದ್ರೆ ಅದಕ್ಕೆ ಫಸ್ಟ್ ಡೌನ್ ಅಂತಾರೆ, ಮತ್ತೆ ನಾಲ್ಕು ಅವಕಾಶ ಸಿಗುತ್ತೆ. ಗೆರೆ ದಾಟಿದ್ರೆ ಟಚ್‌ಡೌನ್, 6 ಅಂಕ. ಆಮೇಲಿನ ಒದೆತ ಸರಿಯಾಗಿ ಬಿದ್ರೆ ಇನ್ನೊಂದು. ಇಷ್ಟು ಗೊತ್ತಿದ್ರೆ ಈ ಕಥೆಗೆ ಸಾಕು.

ಕಂಬರ್‌ಲ್ಯಾಂಡ್ ಇರೋದು ಟೆನೆಸ್ಸಿ ರಾಜ್ಯದ ಲೆಬನಾನ್ ಅನ್ನೋ ಸಣ್ಣ ಊರಲ್ಲಿ. ಆ ಕಾಲಕ್ಕೆ ಹೆಸರು ಮಾಡಿದ್ದು ಅದರ ಲಾ ಸ್ಕೂಲ್. ಆಟದಲ್ಲೂ ಅಷ್ಟೇನೂ ಬಡವರಾಗಿರಲಿಲ್ಲ. 1903ರಲ್ಲಿ ಇದೇ ಕಾಲೇಜು ಬಲಿಷ್ಠ ವ್ಯಾಂಡರ್‌ಬಿಲ್ಟ್ ತಂಡವನ್ನ 6–0ರಲ್ಲಿ ಸೋಲಿಸಿತ್ತು, ಅದೇ ವರ್ಷ ಕ್ಲೆಮ್ಸನ್ ಜೊತೆ 11–11 ಡ್ರಾ ಮಾಡಿಕೊಂಡಿತ್ತು. ಆಗ ಕ್ಲೆಮ್ಸನ್‌ನ ಕೋಚ್ ಯಾರು ಗೊತ್ತಾ? ಜಾನ್ ಹೈಸ್ಮನ್. ಈಗಲೂ ಪ್ರತಿ ವರ್ಷ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡೋ ಹೈಸ್ಮನ್ ಟ್ರೋಫಿ ಇವರ ಹೆಸರಿನದೇ. ಹೆಸರು ನೆನಪಿಟ್ಟುಕೊಳ್ಳಿ, 1916ರಲ್ಲಿ ಇವರು ಜಾರ್ಜಿಯಾ ಟೆಕ್‌ನ ಕೋಚ್.

ಭಾಗ 2

1916ರ ಸೀಸನ್ ಶುರುವಾಗೋ ಮೊದಲೇ ಕಂಬರ್‌ಲ್ಯಾಂಡ್ ತನ್ನ ಫುಟ್‌ಬಾಲ್ ತಂಡವನ್ನ ಮುಚ್ಚಿಬಿಟ್ಟಿತ್ತು. ಮುಚ್ಚಿದ ಮೇಲೆ ಆಡೋದೆಲ್ಲಿಂದ ಬಂತು? ಒಪ್ಪಂದ ಆಗಿಹೋಗಿತ್ತು. ಬಂದ್ರೆ ಖರ್ಚಿಗೆ 500 ಡಾಲರ್, ಬರದಿದ್ರೆ 3000 ಡಾಲರ್ ದಂಡ. ಆ ಕಾಲದ ಸಣ್ಣ ಕಾಲೇಜಿಗೆ 3000 ಅಂದ್ರೆ ಹುಡುಗಾಟ ಅಲ್ಲ. ಹೈಸ್ಮನ್ ಬಿಡೋಕೆ ಒಪ್ಪಲಿಲ್ಲ.

ಯಾಕಷ್ಟು ಹಟ? ಎರಡು ಕಾರಣ ಹೇಳ್ತಾರೆ. ಒಂದು, ಅದೇ ವರ್ಷ ಬೇಸ್‌ಬಾಲಿನಲ್ಲಿ ಕಂಬರ್‌ಲ್ಯಾಂಡ್ ಟೆಕ್‌ಗೆ 22–0 ಬಾರಿಸಿತ್ತು, ಅದೂ ದುಡ್ಡಿಗೆ ಆಡೋ ಹೊರಗಿನವರನ್ನ ಸೇರಿಸಿಕೊಂಡು ಅನ್ನೋ ಆರೋಪ ಇತ್ತು. ಟೆಕ್ ಬೇಸ್‌ಬಾಲಿಗೂ ಹೈಸ್ಮನ್‌ರೇ ಕೋಚ್. ಎರಡು, ಎಷ್ಟು ಅಂಕ ಹೊಡೆದರು ಅಂತ ನೋಡಿ ತಂಡಗಳನ್ನ ಅಳೆಯೋ ಪತ್ರಕರ್ತರ ಮೇಲೆ ಅವರಿಗೆ ಸಿಟ್ಟಿತ್ತು. ಅಂಕ ತಾನೇ ಬೇಕು, ತಗೊಳ್ಳಿ ಅಂತ. ಎರಡನೇದು ನಿಜವಿದ್ರೂ, ಪತ್ರಕರ್ತರ ಮೇಲಿನ ಸಿಟ್ಟನ್ನ ತಂಡವೇ ಇಲ್ಲದ ಕಾಲೇಜಿನ ಹುಡುಗರ ಮೇಲೆ ತೀರಿಸಿಕೊಳ್ಳೋದು ನನಗಂತೂ ದೊಡ್ಡತನ ಅನ್ನಿಸಲ್ಲ.

ತಂಡ ಕಟ್ಟೋ ಕೆಲಸ ಬಿದ್ದಿದ್ದು ಜಾರ್ಜ್ ಅಲೆನ್ ಅನ್ನೋ ವಿದ್ಯಾರ್ಥಿ ಮ್ಯಾನೇಜರ್ ತಲೆ ಮೇಲೆ. ಸಿಕ್ಕಿದ ಸ್ನೇಹಿತರನ್ನ, ಲಾ ಓದ್ತಿದ್ದವರನ್ನ ಒಟ್ಟುಗೂಡಿಸಿ ರೈಲು ಹತ್ತಿಸಿದ. ಎಷ್ಟು ಜನ ಹೋದ್ರು? ಹದಿಮೂರು ಅಂತ ಕೆಲವರು, ಹದಿನಾರು ಅಂತ ಕೆಲವರು. ದಾರಿಯಲ್ಲಿ ನ್ಯಾಶ್‌ವಿಲ್‌ನಲ್ಲಿ ಮೂವರು ತಪ್ಪಿಸಿಕೊಂಡ್ರು ಅನ್ನೋ ಮಾತೂ ಇದೆ. (ತಪ್ಪಿಸಿಕೊಂಡ್ರೋ, ಜಾಗ ಖಾಲಿ ಮಾಡಿದ್ರೋ!)

ಆಟ ಹೇಗಿತ್ತು ಅಂತ ಲೆಕ್ಕವೇ ಹೇಳುತ್ತೆ. ಮೊದಲ ಕ್ವಾರ್ಟರ್ 63, ಎರಡನೇದು 63, ಮೂರನೇದು 54, ಕೊನೇದು 42. ಟೆಕ್ 32 ಟಚ್‌ಡೌನ್ ಹೊಡೀತು, 30 ಒದೆತ ಸರಿಯಾಗಿ ಬಿತ್ತು. ಕೂಡಿಸಿ ನೋಡಿ, ಸರಿಯಾಗಿ 222. ಎವರೆಟ್ ಸ್ಟ್ರಪ್ಪರ್ ಒಬ್ಬನೇ 8 ಸಲ ಗೆರೆ ದಾಟಿದ. ಇನ್ನೂ ಮಜಾ ಏನಂದ್ರೆ ಎರಡೂ ತಂಡಕ್ಕೆ ಒಂದೂ ಫಸ್ಟ್ ಡೌನ್ ಇಲ್ಲ. ಕಂಬರ್‌ಲ್ಯಾಂಡ್‌ಗೆ ಹತ್ತು ಗಜ ಹೋಗೋಕೆ ಆಗಲಿಲ್ಲ, ಟೆಕ್‌ಗೆ ಅದರ ಅಗತ್ಯವೇ ಬೀಳಲಿಲ್ಲ, ಅಷ್ಟರಲ್ಲಿ ಟಚ್‌ಡೌನೇ ಆಗಿಬಿಡ್ತಿತ್ತು. ಅರ್ಧ ಆಟಕ್ಕೆ 126–0. ಉಳಿದರ್ಧದ ಸಮಯ ಸ್ವಲ್ಪ ಕಡಿಮೆ ಮಾಡೋಕೆ ಹೈಸ್ಮನ್ ಒಪ್ಪಿದ್ರು. ಅಷ್ಟು ಕರುಣೆ.

ಭಾಗ 3

ಇವತ್ತಿನ ಪೋಸ್ಟಿನ ಅಸಲಿ ವಿಷಯ ಈಗ ಬರುತ್ತೆ. ಈ ಮ್ಯಾಚನ್ನ ಇಷ್ಟು ವರ್ಷ ಜೀವಂತ ಇಟ್ಟಿದ್ದು ಗೆದ್ದವರಿಗಿಂತ ಹೆಚ್ಚಾಗಿ ಸೋತವರು. ಟೆಕ್‌ಗೆ ನೆನಪಿಸಿಕೊಳ್ಳೋಕೆ ಬೇರೆ ಎಷ್ಟೋ ಇದ್ದವು. ಮುಂದಿನ ವರ್ಷ, 1917ರಲ್ಲಿ, ಅವರು ರಾಷ್ಟ್ರೀಯ ಚಾಂಪಿಯನ್ನರು. ಕಂಬರ್‌ಲ್ಯಾಂಡ್‌ನ ಆ ಹುಡುಗರ ಪಾಲಿಗೆ ಇದ್ದಿದ್ದು ಇದೊಂದೇ ಮಧ್ಯಾಹ್ನ.

ಅವರು ಅದನ್ನ ಅಳುತ್ತಾ ಹೇಳಲಿಲ್ಲ, ನಗುತ್ತಾ ಹೇಳಿದ್ರು. ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಚೆಂಡಿನ ಕಥೆ. ಒಬ್ಬನ ಕೈಯಿಂದ ಚೆಂಡು ಜಾರಿ ಇನ್ನೊಬ್ಬನ ಕಾಲ ಹತ್ರ ಉರುಳುತ್ತೆ. ಎದುರಿಂದ ಟೆಕ್‌ನವರು ಗೂಳಿ ಥರ ನುಗ್ಗಿ ಬರ್ತಿದ್ದಾರೆ. ಬೀಳಿಸಿದವನು ಎತ್ತಿಕೋ ಅಂತ ಕೂಗ್ತಾನೆ. ಇವನು, ಬೀಳಿಸಿದ್ದು ನೀನು, ನೀನೇ ಎತ್ತಿಕೋ ಅಂತಾನೆ. ಹೇಳೋರು ಬದಲಾದ ಹಾಗೆ ಆ ಇಬ್ಬರ ಹೆಸರೂ ಬದಲಾಗಿದೆ. ಇನ್ನೊಂದು ಕಥೆಯಲ್ಲಿ ಕಂಬರ್‌ಲ್ಯಾಂಡ್ ಹುಡುಗನೊಬ್ಬ ಕಂಬಳಿ ಹೊದ್ದು ಟೆಕ್‌ನವರ ಬೆಂಚಿನಲ್ಲೇ ಕೂತುಬಿಟ್ಟಿದ್ದನಂತೆ, ಮತ್ತೆ ಕಣಕ್ಕೆ ಇಳಿಸ್ತಾರೆ ಅನ್ನೋ ಭಯಕ್ಕೆ.

ನಮ್ಮ ಅತ್ಯುತ್ತಮ ಓಟ ಅಂದ್ರೆ ಆರು ಗಜ ಮಾತ್ರ ಹಿಂದಕ್ಕೆ ಹೋಗಿದ್ದು ಅಂತ ಇನ್ನೊಂದು ಜೋಕು. ದಾಖಲೆ ನೋಡಿದ್ರೆ ಕಂಬರ್‌ಲ್ಯಾಂಡ್ ಒಂದು ಸಲ ಹತ್ತು ಗಜದ ಪಾಸ್ ಹಿಡಿದಿದೆ. ಆವಾಗ ಬೇಕಿದ್ದಿದ್ದು 22 ಗಜ, ಅದು ಬೇರೆ ಮಾತು. ಆದ್ರೂ ಹತ್ತು ಗಜ ಹತ್ತು ಗಜವೇ ತಾನೆ? ಅವತ್ತು ಅವರು ಮಾಡಿದ ಒಂದೇ ಒಂದು ಚೆಂದದ ಕೆಲಸ, ಅದನ್ನೇ ಜೋಕು ನುಂಗಿಹಾಕಿದೆ. ಹಳೇ ಆಟಗಾರರ ಮಾತು ಕೇಳುವಾಗ ಇದನ್ನ ಗಮನಿಸಿ. ಹೆಚ್ಚು ಮಾಡಿಕೊಂಡು ಹೇಳೋದು ಎಲ್ಲರಿಗೂ ಗೊತ್ತು. ಆದ್ರೆ ಪೂರ್ತಿ ಸೋತವರು ಎಷ್ಟೋ ಸಲ ಕಡಿಮೆ ಮಾಡಿಕೊಂಡು ಹೇಳ್ತಾರೆ. ನಗು ಬರಬೇಕು ಅಂದ್ರೆ ಸೊನ್ನೆ ಪೂರ್ತಿ ಸೊನ್ನೆಯಾಗಿರಬೇಕು.

ಕಥೆ ಹೇಳೋದರಲ್ಲಿ ಅಲೆನ್‌ನ ಮೀರಿಸೋರಿಲ್ಲ. ಆ ಹುಡುಗ ಮುಂದೆ ವಾಷಿಂಗ್ಟನ್‌ನಲ್ಲಿ ದೊಡ್ಡ ಮನುಷ್ಯರಾದ್ರು. ರೂಸ್‌ವೆಲ್ಟ್, ಟ್ರೂಮನ್, ಐಸೆನ್‌ಹೋವರ್ ಮೂವರಿಗೂ ಬೇಕಾದವರು. 1950ರಲ್ಲಿ ಬರೆದ ನೆನಪಿನ ಪುಸ್ತಕಕ್ಕೆ ಇಟ್ಟ ಹೆಸರು, 'ಪ್ರೆಸಿಡೆಂಟ್ಸ್ ಹೂ ಹ್ಯಾವ್ ನೋನ್ ಮಿ'. ನನಗೆ ಪರಿಚಯವಿದ್ದ ಅಧ್ಯಕ್ಷರು ಅಲ್ಲ, ನನ್ನನ್ನ ಬಲ್ಲ ಅಧ್ಯಕ್ಷರು! ಇಂಥಾ ಮನುಷ್ಯ 222–0ರ ಬಗ್ಗೆ ಹೇಳಿದ ಪ್ರತಿ ಮಾತನ್ನೂ ಪ್ರಮಾಣ ಅಂತ ಹಿಡಿಯೋಕಾಗಲ್ಲ. ಆದ್ರೆ ಆ ನಗುವಿನ ಅಡಿಯಲ್ಲಿ ಒಂದು ಗಟ್ಟಿ ಸತ್ಯ ಇದೆ. ಬರಲ್ಲ ಅಂತ ಅವರು ಮನೆಯಲ್ಲೇ ಕೂತಿದ್ರೆ ಕಾಲೇಜು 3000 ಡಾಲರ್ ಕಟ್ಟಬೇಕಿತ್ತು. ತಂಡ ಮುಚ್ಚಿದ್ದೂ, ಒಪ್ಪಂದ ಮಾಡಿದ್ದೂ, ಬಿಡಲ್ಲ ಅಂದಿದ್ದೂ ದೊಡ್ಡವರು. ಏಟು ತಿಂದಿದ್ದು ಹುಡುಗರು.

ಈಗಿನ ಕಾಲದಲ್ಲಿ ನೆನಪಿನ ಪಕ್ಕದಲ್ಲಿ ವಿಡಿಯೊ ಇರುತ್ತೆ. 2007ರ ಅಕ್ಟೋಬರ್ 27ರಂದು ಮಿಸಿಸಿಪ್ಪಿಯ ಜಾಕ್ಸನ್‌ನಲ್ಲಿ ಟ್ರಿನಿಟಿ ಮತ್ತು ಮಿಲ್‌ಸ್ಯಾಪ್ಸ್ ಅನ್ನೋ ಎರಡು ಸಣ್ಣ ಕಾಲೇಜುಗಳು ಆಡಿದವು. ಆಟಕ್ಕಾಗಿ ಸ್ಕಾಲರ್‌ಶಿಪ್ಪೇ ಕೊಡದ ಮಟ್ಟದ ತಂಡಗಳಿವು. ಎರಡು ಸೆಕೆಂಡ್ ಉಳಿದಿದ್ದಾಗ ಟ್ರಿನಿಟಿಯವರು ಚೆಂಡನ್ನ ಪಕ್ಕಕ್ಕೆ, ಹಿಂದಕ್ಕೆ ಹದಿನೈದು ಸಲ ಕೈಯಿಂದ ಕೈಗೆ ಎಸೆದು ಗೆರೆ ದಾಟಿ 28–24ರಲ್ಲಿ ಗೆದ್ರು. ಹುಡುಕಿದ್ರೆ ವಿಡಿಯೊ ಸಿಗುತ್ತೆ, ಎಣಿಸಿ ನೋಡಿ. ಆ ಆಟಗಾರರು ಮುದುಕರಾದ ಮೇಲೂ ಹದಿನೈದನ್ನ ಇಪ್ಪತ್ತು ಮಾಡೋಕಾಗಲ್ಲ, ಪಾಪ.

1916ರಲ್ಲಿ ಆ ತೊಂದರೆ ಇರಲಿಲ್ಲ. ಅವತ್ತಿನಿಂದ ಉಳಿದಿರೋ ಒಂದು ವಸ್ತು ಅಂದ್ರೆ ಚೆಂಡು. 2014ರಲ್ಲಿ ಅದು ಹರಾಜಿಗೆ ಬಂತು, 40,000 ಡಾಲರ್‌ಗೂ ಹೆಚ್ಚಿಗೆ ಹೋಯ್ತು. ಕೊಂಡವರು ಅದನ್ನ ಜಾರ್ಜಿಯಾ ಟೆಕ್‌ಗೇ ಕೊಟ್ಟುಬಿಟ್ರು. ಕಂಬರ್‌ಲ್ಯಾಂಡ್‌ನಲ್ಲಿ ಈಗ ಮತ್ತೆ ಫುಟ್‌ಬಾಲ್ ತಂಡ ಇದೆ.