ಅರ್ಜಿ, ಬಯೋಡೇಟಾ, ರೆಸ್ಯೂಮ್: ಗವರ್ನರ್‌ಪೇಟೆಯಿಂದ ಒಂದು ಸಮೀಕ್ಷೆ

ಈಚೆಗೆ ವಿಜಯವಾಡದ ಒಂದು ಎಂಜಿನಿಯರಿಂಗ್ ಕಾಲೇಜಿನವರು ‘ಪರ್ಸನಲ್ ಬ್ರ್ಯಾಂಡಿಂಗ್’ ಕಾರ್ಯಾಗಾರಕ್ಕೆ ನನ್ನನ್ನೂ ಕರೆದಿದ್ದರು. ಮುಖ್ಯ ಉಪನ್ಯಾಸ ಕೊಟ್ಟವರು, ಹತ್ತು ವರ್ಷದ ಹಿಂದಿನ ತನಕ ರೆಸ್ಯೂಮ್ ಎಂದರೆ ಕಪ್ಪಕ್ಷರ ತುಂಬಿದ ಹಾಳೆ, ಅದು ಕಲೆಯಾದದ್ದು ಈಗ ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಬಳ್ಳಾರಿಯಲ್ಲಿ ಟೈಪಿಂಗ್ ಕಲಿತು, ಇದೇ ವಿಜಯವಾಡದ ಗವರ್ನರ್‌ಪೇಟೆಯ ಬೆಸೆಂಟ್ ರಸ್ತೆಯ ಪಕ್ಕದ ಸಂದಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಬೇರೆಯವರ ರೆಸ್ಯೂಮ್ ಮಾಡಿಕೊಟ್ಟೇ ಸಂಸಾರ ನಡೆಸಿದ ನನಗೆ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ಈ ಕಸುಬಿಗೂ ಒಂದು ಚರಿತ್ರೆ ಇದೆ. ಯಾರೂ ಬರೆದಿಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ತನ್ನನ್ನು ತಾನು ಪರಿಚಯಿಸಿಕೊಳ್ಳುವ ಚಾಳಿ ನಮಗೆ ಹೊಸದಲ್ಲ. ಬಾದಾಮಿಯ ಬಂಡೆಯ ಮೇಲೆ ಸುಮಾರು 700ರ ಹೊತ್ತಿಗೆ ಕೆತ್ತಿದ ಕಪ್ಪೆ ಅರಭಟ್ಟನ ಶಾಸನ ಹತ್ತು ಸಾಲಿನಲ್ಲಿ ಒಬ್ಬ ಮನುಷ್ಯನ ಗುಣವನ್ನು ಹೇಳಿ ಮುಗಿಸುತ್ತದೆ. ಅತ್ತ ಇಟಲಿಯಲ್ಲಿ 1480ರ ದಶಕದಲ್ಲಿ ಲಿಯೊನಾರ್ಡೊ ದ ವಿಂಚಿ ಮಿಲಾನಿನ ದೊರೆಗೆ ಬರೆದ ಪತ್ರವನ್ನು ಮೊದಲ ರೆಸ್ಯೂಮ್ ಎನ್ನುವವರಿದ್ದಾರೆ. ಆ ಪತ್ರ ತುಂಬ ಸೇತುವೆ, ಫಿರಂಗಿ, ಕೋಟೆ ಒಡೆಯುವ ಉಪಾಯ. ಚಿತ್ರ ಬರೆಯಬಲ್ಲೆ ಎಂಬ ಮಾತು ಬರುವುದು ಕಟ್ಟಕಡೆಗೆ. ದೊರೆಗೆ ಬೇಕಾದದ್ದು ಯುದ್ಧದ ಸಾಮಾನು ಎಂದು ಆ ಚಿತ್ರಕಾರನಿಗೆ ಗೊತ್ತಿತ್ತು. ಇತ್ತ ಮೈಸೂರು ಸಂಸ್ಥಾನದಲ್ಲಿ ಕಚೇರಿಯ ಬಾಗಿಲು ಕಾಯುವ ಉಮೇದುವಾರರಿದ್ದರು. ಯಾರ ಮಗ, ಯಾರ ಶಿಫಾರಸು ಎಂಬುದೇ ಅವರ ಅರ್ಹತೆಯ ಮುಕ್ಕಾಲು ಪಾಲು. ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಕೊಡುವ ಬಗೆಯನ್ನು ನೋಡಲು 1918ರಲ್ಲಿ ಮಿಲ್ಲರ್ ಸಮಿತಿ ಕೂತದ್ದೇ ಆ ಕಾರಣಕ್ಕೆ.

ಸ್ವಾತಂತ್ರ್ಯದ ನಂತರದ್ದು ಟೈಪ್‌ರೈಟರ್ ಯುಗ. 1955ರಲ್ಲಿ ಗೋದ್ರೆಜ್ ಯಂತ್ರ ಬಂತು, ಊರೂರಿಗೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ಬಂದವು. 1959ರ ಕಾಯ್ದೆ ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕಚೇರಿಗೆ ತಿಳಿಸುವುದನ್ನು ಕಡ್ಡಾಯ ಮಾಡಿತು. ಅಲ್ಲಿ ಹೆಸರು ಬರೆಸಿದವನಿಗೆ ಅವನ ಕಸುಬಿನ ಸಂಖ್ಯೆಯೊಂದು ಸಿಗುತ್ತಿತ್ತು. ಹುದ್ದೆ ಬಂದಾಗ ಗುಮಾಸ್ತರು ಆ ಸಂಖ್ಯೆಯ ಕಾರ್ಡುಗಳನ್ನು ಹೆಕ್ಕಿ ತೆಗೆಯುತ್ತಿದ್ದರು. ಇವತ್ತು ಕಂಪ್ಯೂಟರ್ ರೆಸ್ಯೂಮ್ ಜರಡಿ ಹಿಡಿಯುತ್ತದೆ ಎಂದು ಗಾಬರಿಯಾಗುವವರು ಇದನ್ನು ನೆನೆಯಬೇಕು. ಜರಡಿ ಹಳೆಯದು, ಹಿಡಿಯುವ ಕೈ ಮಾತ್ರ ಬದಲಾಗಿದೆ.

ಬರೀ ಕಪ್ಪಕ್ಷರ ಎಂದರಲ್ಲ ಆ ಉಪನ್ಯಾಸಕರು, ಆ ಕಪ್ಪಕ್ಷರದಲ್ಲಿ ನಾವು ಏನೇನು ಮಾಡುತ್ತಿದ್ದೆವು ಎಂದು ಹೇಳುತ್ತೇನೆ. ಹೆಸರನ್ನು ದೊಡ್ಡಕ್ಷರದಲ್ಲಿ, ಅಕ್ಷರಕ್ಕೊಂದು ಸ್ಪೇಸ್ ಬಿಟ್ಟು, ಹಾಳೆಯ ನಟ್ಟನಡುವೆ ಕೂರಿಸಬೇಕು. ಅದಕ್ಕೆ ಅಕ್ಷರ, ಸ್ಪೇಸ್ ಎರಡನ್ನೂ ಎಣಿಸಿ, ಅರ್ಧ ಮಾಡಿ, ನಡುವಿನಿಂದ ಅಷ್ಟು ಸಲ ಬ್ಯಾಕ್‌ಸ್ಪೇಸ್ ಒತ್ತಬೇಕು. ಕೆಂಪು-ಕಪ್ಪು ರಿಬ್ಬನ್ ಇದ್ದರೆ ಶೀರ್ಷಿಕೆಗಳು ಕೆಂಪಿನಲ್ಲಿ. ಎಡಕ್ಕೆ ಒಂದೂವರೆ ಇಂಚು ಅಂಚು, ಏಕೆಂದರೆ ಕಚೇರಿಯಲ್ಲಿ ಅಲ್ಲೇ ತೂತು ಹೊಡೆದು ಫೈಲಿಗೆ ಹಾಕುತ್ತಾರೆ. ಓದುವವನ ಕೈ ಎಲ್ಲಿ ಬೀಳುತ್ತದೆ ಎಂಬುದನ್ನು ಲೆಕ್ಕ ಹಾಕಿ ಮಾಡಿದ ವಿನ್ಯಾಸ ಅದು. ಹತ್ತು ಕಂಪನಿಗೆ ಹತ್ತು ಸಲ ಟೈಪ್ ಮಾಡಬೇಕಾದ್ದರಿಂದ ಬೇಡದ ಮಾತು ತಾನಾಗಿ ಉದುರಿಹೋಗುತ್ತಿತ್ತು. ನನ್ನ ಗುರುಗಳು ಕಾರ್ಬನ್ ಪ್ರತಿಯನ್ನು ಅರ್ಜಿಗೆ ಲಗತ್ತಿಸಲು ಬಿಡುತ್ತಿರಲಿಲ್ಲ. ಎರಡನೇ ಪ್ರತಿ ಕಳಿಸಿದರೆ ನೀನು ಎರಡನೇ ದರ್ಜೆಯವನು ಅಂತ ಅವರಿಗೆ ಗೊತ್ತಾಗುತ್ತಪ್ಪ, ಎನ್ನುತ್ತಿದ್ದರು. ನಾನು ಕಂಡ ಬ್ರ್ಯಾಂಡಿಂಗ್ ಪಾಠಗಳಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೂ ಸಿಕ್ಕಿಲ್ಲ.

ನಂತರದ್ದು ನನ್ನ ತಲೆಮಾರು, ಡಿಟಿಪಿಯವರದು, ಎಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವವರದು. ಆ ಕೆಲಸದ ತಂತ್ರಾಂಶಗಳಾದ ಪೇಜ್‌ಮೇಕರ್ 1985ರಲ್ಲಿ, ಕೋರೆಲ್‌ಡ್ರಾ 1989ರಲ್ಲಿ ಹುಟ್ಟಿದವು. ನಮ್ಮ ಸಂದಿಗೆ ಬಂದದ್ದು ತೊಂಬತ್ತರ ದಶಕದಲ್ಲಿ. ಲೇಸರ್ ಪ್ರಿಂಟರಿನಿಂದ ಬಿಸಿಬಿಸಿಯಾಗಿ ಹೊರಬಂದ ಮೊದಲ ಬಯೋಡೇಟಾವನ್ನು ಗಿರಾಕಿ ಎರಡೂ ಕೈಯಲ್ಲಿ ಹಿಡಿದುಕೊಂಡದ್ದು ನನ್ನ ಕಣ್ಣಮುಂದಿದೆ. ಎಕ್ಸಿಕ್ಯೂಟಿವ್ ಬಾಂಡ್ ಹಾಳೆಯೇ ಬೇಕು ಎನ್ನುವವರಿದ್ದರು. ಬೆಳಕಿಗೆ ಹಿಡಿದು ವಾಟರ್‌ಮಾರ್ಕ್ ನೇರವಾಗಿದೆಯೇ ನೋಡಿ, ತಲೆಕೆಳಗಾಗಿದ್ದರೆ ತಿರುಗಿಸಿ ಮುದ್ರಿಸಿಕೊಡುತ್ತಿದ್ದೆವು. ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ವಾಕ್-ಇನ್‌ಗೆ ಹೊರಟ ಹುಡುಗರು ಟ್ರೇನಿಗೆ ಒಂದು ಗಂಟೆ ಇರುವಾಗ ಫ್ಲಾಪಿ ಹಿಡಿದು ಓಡಿ ಬರುತ್ತಿದ್ದರು. ಬಯೋಡೇಟಾ ಹೋಗಿ ರೆಸ್ಯೂಮ್ ಎಂಬ ಹೆಸರು ಬಂದದ್ದು ಆ ವರ್ಷಗಳಲ್ಲೇ. ತಂದೆಯ ಹೆಸರು, ಜಾತಿ, ಎತ್ತರ, ವೈವಾಹಿಕ ಸ್ಥಿತಿ ಮೇಲಿನಿಂದ ಕೆಳಕ್ಕೆ ಜಾರಿದವು. ಕೆಲಸದ ವಿವರ ಮೇಲಕ್ಕೆ ಬಂತು. ಈ ಕಸುಬಿನಲ್ಲಿ ಆದ ಅತಿ ದೊಡ್ಡ ಬದಲಾವಣೆ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಅದನ್ನು ದೊಡ್ಡ ವಿನ್ಯಾಸಕಾರರು ಯಾರೂ ಮಾಡಲಿಲ್ಲ. ಪೇಟೆಯ ಡಿಟಿಪಿ ಹುಡುಗ ಹುಡುಗಿಯರು ಗಿರಾಕಿಯ ಪಕ್ಕದಲ್ಲಿ ಕೂತು, ‘ಇದು ಬೇಕಾ ಸಾರ್?’ ಎಂದು ಕೇಳಿ ಕೇಳಿ ಮಾಡಿದರು.

ನಮ್ಮಲ್ಲೂ ಪಾಪ ಮಾಡಿದವರಿದ್ದರು. ಎರಡು ವರ್ಷದ ಸುಳ್ಳು ಅನುಭವ ಸೇರಿಸಿದ ರೆಸ್ಯೂಮ್ ಒಂದೇ ಫೈಲಿನಿಂದ ನೂರಾರು ಹೆಸರಿಗೆ ಹೊರಟದ್ದನ್ನು ಕಂಡಿದ್ದೇನೆ. ಅದರಿಂದ ಕೆಟ್ಟದ್ದು ನಿಜ ಬರೆದವರ ಹಾಳೆಯ ಬೆಲೆ.

1997 ಎರಡು ಕಾರಣಕ್ಕೆ ಮುಖ್ಯ. ಇಲ್ಲಿ ನೌಕ್ರಿ ಡಾಟ್ ಕಾಮ್ ಶುರುವಾಯಿತು. ಅಲ್ಲಿ ಅಮೆರಿಕದ ‘ಫಾಸ್ಟ್ ಕಂಪನಿ’ ಪತ್ರಿಕೆಯಲ್ಲಿ ಮ್ಯಾನೇಜ್ಮೆಂಟ್ ಲೇಖಕ ಟಾಮ್ ಪೀಟರ್ಸ್, ಪ್ರತಿಯೊಬ್ಬನೂ ತಾನೇ ಒಂದು ಬ್ರ್ಯಾಂಡ್ ಎಂದು ಬರೆದರು. 2003ರಲ್ಲಿ ಲಿಂಕ್ಡ್‌ಇನ್ ತೆರೆಯಿತು, 2013ರಲ್ಲಿ ಸಿದ್ಧ ಟೆಂಪ್ಲೇಟುಗಳ ಕ್ಯಾನ್ವಾ ಬಂತು. ಇವುಗಳ ಬಗ್ಗೆ ಬೇಕಾದಷ್ಟು ಬರೆದವರಿದ್ದಾರೆ, ನಾನು ಬೆಳೆಸುವುದಿಲ್ಲ. ಆದರೆ ಒಂದು ತಪ್ಪು ಓದನ್ನು ತಿದ್ದಲೇಬೇಕು. ನೇಮಕ ಮಾಡುವವರು ರೆಸ್ಯೂಮ್ ಮೇಲೆ ಆರೇ ಸೆಕೆಂಡು ಕಣ್ಣಾಡಿಸುತ್ತಾರೆ, ಆದ್ದರಿಂದ ಬಣ್ಣ ಬೇಕು, ಚಿತ್ರ ಬೇಕು ಎಂದು ಎಲ್ಲ ಕಾರ್ಯಾಗಾರದಲ್ಲೂ ಹೇಳುತ್ತಾರೆ. ಆ ಆರು ಸೆಕೆಂಡು ಬಂದದ್ದು 2012ರಲ್ಲಿ ಲ್ಯಾಡರ್ಸ್ ಎಂಬ ಅಮೆರಿಕದ ಉದ್ಯೋಗ ಸಂಸ್ಥೆ ಮೂವತ್ತು ಮಂದಿ ನೇಮಕಾಧಿಕಾರಿಗಳ ಕಣ್ಣಿನ ಚಲನೆ ಅಳೆದು ಮಾಡಿದ ಅಧ್ಯಯನದಿಂದ. ಆ ಕಣ್ಣುಗಳು ಹುಡುಕಿದ್ದು ಹೆಸರು, ಈಗಿನ ಕೆಲಸ, ಹಿಂದಿನ ಕೆಲಸ, ಅವುಗಳ ಆರಂಭ-ಅಂತ್ಯದ ತಾರೀಖು, ಓದು. ಆನ್‌ಲೈನ್ ಪ್ರೊಫೈಲ್‌ನಲ್ಲಿ ಫೋಟೊ ಇದ್ದಾಗ ನೋಟದ ಸಮಯದಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಅದೇ ತಿಂದುಹಾಕಿತು. ಇರುವ ಆರು ಸೆಕೆಂಡಿನಲ್ಲಿ ಒಂದನ್ನು ಕಳೆದುಕೊಳ್ಳುವುದಕ್ಕೆ ಅದೇ ಅಧ್ಯಯನವನ್ನು ಆಧಾರ ಮಾಡಿಕೊಳ್ಳುತ್ತಿದ್ದೇವೆ.

ಚಿತ್ರದ ರೆಸ್ಯೂಮ್ ಹೇಗೆ ಕೈಕೊಡುತ್ತದೆ ಎಂಬುದನ್ನು ನನ್ನ ಅಂಗಡಿಯಲ್ಲೇ ಕಲಿತೆ. 2014ರಲ್ಲಿ ಬಿ.ಟೆಕ್ ಮುಗಿಸಿದ ಹುಡುಗನೊಬ್ಬ ಬಂದ. ಕೋರೆಲ್‌ಡ್ರಾದಲ್ಲಿ ಎರಡು ಕಾಲಂ, ಎಡಕ್ಕೆ ನೀಲಿ ಪಟ್ಟಿ, ಅದರೊಳಗೆ ಫೋಟೊ, ಕೆಳಗೆ ಕೌಶಲದ ಅಡ್ಡಗೆರೆಗಳು. ‘ಜಾವಾ’ ಎದುರಿಗೆ ಮುಕ್ಕಾಲು ತುಂಬಿದ ಗೆರೆ. ಮುಕ್ಕಾಲು ಜಾವಾ ಎಂದರೆ ಏನು ಎಂದು ಅವನಿಗೂ ಗೊತ್ತಿರಲಿಲ್ಲ, ನನಗೂ. ಪ್ರೆಸ್ಸಿಗೆ ಕೊಡುವ ಫೈಲಿನಲ್ಲಿ ಫಾಂಟ್ ಬದಲಾಗದಿರಲಿ ಎಂದು ಅಕ್ಷರಗಳನ್ನು ಕರ್ವ್ಸ್ ಮಾಡುವುದು ನಮ್ಮ ಕಸುಬಿನ ರೂಢಿ. ಕೈ ರೂಢಿಯಂತೆಯೇ ನಡೆಯಿತು. ಪಿಡಿಎಫ್ ಮಾಡಿ ಕೊಟ್ಟೆ. ನಲವತ್ತಕ್ಕೂ ಹೆಚ್ಚು ಕಡೆ ಅರ್ಜಿ ಹಾಕಿದ, ಒಂದೂ ಕರೆ ಇಲ್ಲ. ಬೆಂಗಳೂರಿನಲ್ಲಿ ಎಚ್‌ಆರ್ ಕೆಲಸದಲ್ಲಿದ್ದ ಪರಿಚಯದವರಿಗೆ ಫೈಲ್ ಕಳಿಸಿದೆ. ಅವರು ಎಲ್ಲವನ್ನೂ ಆಯ್ಕೆ ಮಾಡುವ ಕೀ ಒತ್ತಿದರೆ ಒಂದಕ್ಷರವೂ ಸಿಗಲಿಲ್ಲವಂತೆ. ಕರ್ವ್ಸ್ ಮಾಡಿದ ಮೇಲೆ ಅಕ್ಷರ ಅಕ್ಷರವಲ್ಲ, ಬರೀ ಗೆರೆ. ಕಂಪನಿಯ ಯಂತ್ರದ ಕಣ್ಣಿಗೆ ಆ ಹುಡುಗನಿಗೆ ಹೆಸರೂ ಇರಲಿಲ್ಲ, ಫೋನ್ ನಂಬರೂ ಇರಲಿಲ್ಲ. ಕರ್ವ್ಸ್ ಮಾಡದಿದ್ದರೂ ಎರಡು ಕಾಲಂ ಇದ್ದರೆ ಕೆಲವು ಯಂತ್ರಗಳು ಸಾಲನ್ನು ಅಡ್ಡಡ್ಡ ಓದಿ ಎಡಗಡೆಯ ಫೋನ್ ನಂಬರನ್ನು ಬಲಗಡೆಯ ಕಾಲೇಜಿನ ಹೆಸರಿಗೆ ಅಂಟಿಸುತ್ತವೆ. ಒಂದೇ ಕಾಲಂನಲ್ಲಿ, ಸಾದಾ ಅಕ್ಷರದಲ್ಲಿ ಮತ್ತೆ ಟೈಪ್ ಮಾಡಿಕೊಟ್ಟೆ, ಹಣ ಮುಟ್ಟಲಿಲ್ಲ. ಎರಡು ಕಡೆಯಿಂದ ಕರೆ ಬಂತು.

ಫೋಟೊದ ವಿಷಯದಲ್ಲಿ ಇನ್ನೂ ಗಂಭೀರವಾದ ಮಾತೊಂದಿದೆ. ಸಂಶೋಧಕರಾದ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪತ್ರಿಕೆಗಳ ಜಾಹೀರಾತಿಗೆ ಒಂದೇ ಅರ್ಹತೆಯ, ಹೆಸರು ಮಾತ್ರ ಬೇರೆಯಾದ ಅರ್ಜಿಗಳನ್ನು ಕಳಿಸಿದ್ದರು. ದಲಿತ ಹೆಸರಿಗೆ ಕರೆ ಕಡಿಮೆ ಬಂತು, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಬರೀ ಹೆಸರಿಗೆ ಹೀಗಾದರೆ, ಮುಖ, ಮೈಬಣ್ಣ, ಹಣೆ, ಬುರ್ಖಾ ಎಲ್ಲವನ್ನೂ ಹಾಳೆಯ ತಲೆಯ ಮೇಲೆ ಕೂರಿಸಿದರೆ ಏನಾದೀತು? ನಮ್ಮ ತಲೆಮಾರು ಕೆಳಕ್ಕೆ ತಳ್ಳಿದ್ದನ್ನು ಈ ಟೆಂಪ್ಲೇಟುಗಳು ಮತ್ತೆ ಮೇಲಕ್ಕೆ ತಂದಿವೆ. ಇದನ್ನು ನಾನು ಪ್ರಗತಿ ಎಂದು ಒಪ್ಪಲಾರೆ.

ಭಾಷೆಯ ಮಾತಂತೂ ಯಾರೂ ಎತ್ತುವುದಿಲ್ಲ. ತೆಲುಗಿನಲ್ಲಿ ಅನು, ಕನ್ನಡದಲ್ಲಿ ನುಡಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಯೂನಿಕೋಡ್ ಬಂದು ಇಷ್ಟು ವರ್ಷವಾದರೂ ಅನೇಕ ಡಿಟಿಪಿ ಅಂಗಡಿಗಳು ಬದಲಾಗಿಲ್ಲ. ಕನ್ನಡದಲ್ಲಿ ಒಂದು ಒಳ್ಳೆಯ ರೆಸ್ಯೂಮ್ ಹೇಗಿರಬೇಕು ಎಂಬ ಮಾದರಿಯೇ ನಮ್ಮಲ್ಲಿ ಬೆಳೆಯಲಿಲ್ಲ.

ಚಿತ್ರದ ರೆಸ್ಯೂಮ್ ಎಲ್ಲಿ ನಿಜವಾಗಿ ಬೇಕು ಎಂದು ನೋಡಬೇಕಾದರೆ ಗವರ್ನರ್‌ಪೇಟೆಯಿಂದ ಅದೇ ಊರಿನ ಆಟೊನಗರಕ್ಕೆ ಹೋಗಬೇಕು. ಲಾರಿ ಬಾಡಿ ಕಟ್ಟುವ ಶೆಡ್ಡುಗಳ ಸಾಲು. ಮರದ ಹಲಗೆ, ಕಬ್ಬಿಣದ ಪಟ್ಟಿ, ಕ್ಯಾಬಿನ್ನಿನ ಮೇಲೆ ಹೂಬಳ್ಳಿ. ಮೂಲೆಯಲ್ಲಿ ಬಾಡಿ ಕಟ್ಟಿದ ಶೆಡ್ಡಿನ ಹೆಸರು, ಊರು. ಆ ಲಾರಿ ಹೋದಲ್ಲೆಲ್ಲ ಆ ಹೆಸರು ಹೋಗುತ್ತದೆ. ಆದರೆ ಅದು ಮಾಲೀಕನ ಹೆಸರು. ಬಳ್ಳಿ ಬರೆದ ಪೇಂಟರ್, ಜೋಡಣೆ ಮಾಡಿದ ವೆಲ್ಡರ್ ಬೇರೆ ಕಡೆ ಕೆಲಸ ಕೇಳಲು ಹೋದಾಗ ತೋರಿಸಲು ಅವರ ಕೈಯಲ್ಲಿ ಏನೂ ಇರುವುದಿಲ್ಲ. ಬೆಂಗಳೂರಿನ ಪೀಣ್ಯದ ಟರ್ನರನ ಕಥೆಯೂ, ರಾಯಚೂರಿನ ಟೈಲರಮ್ಮನ ಕಥೆಯೂ ಇದೇ. ಜಾವಾ ಕಲಿತವನ ಕೆಲಸ ಕಣ್ಣಿಗೆ ಕಾಣುವಂಥದ್ದಲ್ಲ, ಅವನ ರೆಸ್ಯೂಮಿಗೆ ಬಣ್ಣ ಬಳಿಯುತ್ತಿದ್ದೇವೆ. ಕಣ್ಣಿಗೆ ಕಾಣುವ ಕೆಲಸ ಮಾಡುವವರಿಗೆ ಒಂದು ಹಾಳೆಯನ್ನೂ ಮಾಡಿಕೊಟ್ಟಿಲ್ಲ.

ಆಂಧ್ರ-ಕರ್ನಾಟಕ ಗಡಿಯ ಎರಡೂ ಬದಿಯ ಐಟಿಐ ಪ್ರಾಂಶುಪಾಲರಲ್ಲಿ ನನ್ನದೊಂದು ವಿನಂತಿ. ಕೊನೆಯ ವರ್ಷದ ಪ್ರತಿ ವಿದ್ಯಾರ್ಥಿಗೂ ಒಂದು ಹಾಳೆ ಮಾಡಿಸಿಕೊಡಿ. ಅವನು ಅಥವಾ ಅವಳು ಕೈಯಾರೆ ಮಾಡಿದ ನಾಲ್ಕು ಕೆಲಸದ ಫೋಟೊ ಇರಲಿ, ಮುಖದ ಫೋಟೊ ಬೇಡ. ಒಂದೊಂದರ ಕೆಳಗೆ ಏನು ಮಾಡಿದ್ದು, ಯಾವ ಅಳತೆ, ಎಷ್ಟು ದಿನ ಹಿಡಿಯಿತು ಎಂದು ತಮ್ಮ ಭಾಷೆಯಲ್ಲೇ ಎರಡು ಸಾಲು ಬರೆಸಿ, ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ. ಪಕ್ಕದ ಡಿಟಿಪಿ ಅಂಗಡಿಯವರನ್ನು ಕರೆಯಿರಿ, ಖಂಡಿತ ಬರುತ್ತಾರೆ.